ಹಾಲನ್ನು ಪಾಲು ಅಂತ ಓದಿದ ಹುಡುಗ

(ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಚಿಕ್ಕ ಮಕ್ಕಳ ಮನೆಯವರ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದಿದ್ದೇನೆ. ಅಲ್ಲಲ್ಲಿ ನೆನಪಾದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಡೈರಿಗೆ ಹಾಲು ಹಾಕೋ ಹೊತ್ತಿಗೆ ನಿಮ್ಮನ್ನು ಬಿಡಬೇಕು ಅಂತ ಲೈಬ್ರರಿ ಮೇಡಂ ಮೊದಲೇ ಹೇಳಿದ್ದಾರೆ. ಹಾಗಾಗಿ ನೇರವಾಗಿ ಒಬ್ಬ ಹುಡುಗನ ವಿಷಯದಿಂದ ಶುರು ಮಾಡುತ್ತೇನೆ.

ನಾನು 28 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು. ಹೆಚ್ಚು ಕಾಲ ಒಂದನೇ ಕ್ಲಾಸು, ಎರಡನೇ ಕ್ಲಾಸೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಂಧ್ರದ ಗಡಿ ಕಡೆಯ ಒಂದು ಊರಿನಲ್ಲಿದ್ದೆ. ಅಲ್ಲಿ ಎಲ್ಲರ ಮನೆಮಾತೂ ತೆಲುಗು. ಕ್ಲಾಸಿನ ಗೋಡೆ ಮೇಲೆ ಒಂದು ಚಾರ್ಟು ಇತ್ತು. ಲೋಟದ ಚಿತ್ರ, ಅದರ ತುಂಬ ಬಿಳಿ ಬಣ್ಣ, ಕೆಳಗೆ ‘ಹಾಲು’ ಅಂತ ಬರೆದಿದೆ. ಆರು ವರ್ಷದ ಒಬ್ಬ ಹುಡುಗ ಎದ್ದು ಬಂದ. ಅಕ್ಷರದ ಕೆಳಗೆ ಬೆರಳಿಟ್ಟ. ಜೋರಾಗಿ, ಖುಷಿಯಿಂದ ‘ಪಾಲು’ ಅಂತ ಓದಿದ.

ನಾನು ‘ತಪ್ಪು’ ಅಂದೆ.

ಅವನು ಬೆರಳು ತೆಗೆದ. ಕೈ ಹಿಂದಕ್ಕೆ ಕಟ್ಟಿಕೊಂಡು ಹೋಗಿ ಕೂತ. ಆಮೇಲೆ ಎಷ್ಟೋ ವಾರ ಆ ಚಾರ್ಟಿನ ಹತ್ತಿರ ಬರಲೇ ಇಲ್ಲ. ಕರೆದರೂ ಬರಲಿಲ್ಲ.

ಅವನು ಏನು ತಪ್ಪು ಮಾಡಿದ್ದ ಹೇಳಿ? ಚಿತ್ರ ನೋಡಿದ. ಅದು ಏನು ಅಂತ ಗೊತ್ತು ಮಾಡಿಕೊಂಡ. ‘ಲು’ ಸರಿಯಾಗಿ ಓದಿದ. ಮೊದಲ ಅಕ್ಷರದ ದೀರ್ಘವನ್ನೂ ಸರಿಯಾಗಿ ಎಳೆದ. ಉಳಿದಿದ್ದು ಒಂದೇ ಒಂದು, ‘ಹ’. ಅಷ್ಟನ್ನು ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ತೆಲುಗಿನ ಪಾಲು ಕನ್ನಡದಲ್ಲಿ ಹಾಲು. ಪುಲಿ, ಹುಲಿ. ಪಂದಿ, ಹಂದಿ. ಪಾಮು, ಹಾವು. ಪುವ್ವು, ಹೂವು. ಇವನ್ನು ಪಕ್ಕಪಕ್ಕ ಇಟ್ಟು ತೋರಿಸಿದ್ದರೆ ಆ ಮಕ್ಕಳು ಒಂದೇ ಮಧ್ಯಾಹ್ನದಲ್ಲಿ ‘ಹ’ ಕಲಿತುಬಿಡುತ್ತಿದ್ದರು. ಇನ್ನೂ ಒಂದು ವಿಷಯ ಇದೆ. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಅಂತಲೇ ಹೆಸರು. ಹುಲಿಗೆ ‘ಪುಲಿ’. ಸಾವಿರ ವರ್ಷದ ಹಿಂದೆ, ಪಂಪನ ಕಾಲದಲ್ಲಿ ಕನ್ನಡದವರೂ ಹೀಗೇ ಬರೆಯುತ್ತಿದ್ದರು. ಆಮೇಲೆ ‘ಪ’ ಮೆಲ್ಲಗೆ ‘ಹ’ ಆಯಿತು. ಆ ಹುಡುಗನಿಗೆ ನಾನು ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಇಲ್ಲಿ ಕೂತಿರುವ ಎಷ್ಟೋ ಜನ ನನ್ನ ಹತ್ತಿರ ಹೇಳಿರೋ ಮಾತು ಎರಡು. ಒಂದು, ‘ಮೇಡಂ, ನಮ್ಮ ಮನೇಲಿ ತೆಲುಗು, ನಾವು ಹೇಗೆ ಕನ್ನಡ ಓದಿಸೋದು?’ ಇನ್ನೊಂದು ಮಾತನ್ನು ತಗ್ಗಿದ ದನಿಯಲ್ಲಿ ಹೇಳುತ್ತೀರಿ: ‘ನಂಗೇ ಓದೋಕೆ ಬರಲ್ಲ ಮೇಡಂ.’ ಎರಡಕ್ಕೂ ನನ್ನ ಉತ್ತರ ಒಂದೇ. ನೀವು ಮಗುವಿಗೆ ಪಾಠ ಮಾಡಬೇಕಾಗಿಲ್ಲ. ಪಕ್ಕದಲ್ಲಿ ಕೂತು ಕೇಳಬೇಕು, ಮಾತಾಡಬೇಕು. ಅದಕ್ಕೆ ಯಾವ ಭಾಷೆ ಆದರೂ ಆಗುತ್ತದೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಮ್ಮ ಜಿಲ್ಲೆಯವರೇ. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದವರು. ಅವರ ಮನೆಮಾತು ತಮಿಳು. ಆದರೂ ‘ಮಾಸ್ತಿ ಕನ್ನಡದ ಆಸ್ತಿ’ ಅಂತ ಇಡೀ ನಾಡು ಹೇಳಿತು. ಜ್ಞಾನಪೀಠವೂ ಬಂತು. ಮನೆಮಾತು ಬೇರೆ ಆದರೆ ಮಗು ಹಿಂದೆ ಬೀಳುತ್ತದೆ ಅನ್ನೋ ಭಯವನ್ನು ದಯವಿಟ್ಟು ಬಿಡಿ. ಮನೆಯಲ್ಲಿ ಯಾವ ಭಾಷೆಯಲ್ಲೂ ಮಾತೇ ಇಲ್ಲದಿದ್ದರೆ ಆಗ ಭಯ ಪಡಿ. ಅಪ್ಪ ಫೋನು ನೋಡುತ್ತಾ, ಅಮ್ಮ ಕೆಲಸದಲ್ಲಿ, ಮಗು ಟೀವಿ ಮುಂದೆ, ಹೀಗೆ ಇಡೀ ಸಂಜೆ ಕಳೆದರೆ ಆ ಮಗುವಿಗೆ ಓದಲು ಬೇಕಾದ ಮಾತಿನ ಬಂಡವಾಳ ಎಲ್ಲಿಂದ ಬರಬೇಕು? ‘ಗುಡಿಸಲು’ ಅಂತ ಅಕ್ಷರ ಕೂಡಿಸಿ ಓದಿದ ಮಗುವಿಗೆ ಗುಡಿಸಲು ಅಂದರೆ ಏನು ಅಂತ ಗೊತ್ತಿದ್ದರೆ ತಾನೇ ಅದು ಓದು?

ಈಗ ನಮ್ಮ ಅಕ್ಷರದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಗುವಿಗೆ ಎಷ್ಟು ದೊಡ್ಡ ಕೆಲಸ ಇದೆ ಅಂತ ಗೊತ್ತಾದರೆ ನಿಮ್ಮ ಕೋಪ ತಾನಾಗಿ ಇಳಿಯುತ್ತದೆ.

ವರ್ಣಮಾಲೆಯಲ್ಲಿ 49 ಅಕ್ಷರ ಅಂತ ನಾವೆಲ್ಲ ಓದಿದ್ದೇವೆ. ಆದರೆ ಪುಸ್ತಕ ತೆರೆದ ಮಗು ನೋಡೋದು 49 ಅಲ್ಲ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪ ಆಯಿತು. ‘ಕ’ಗೆ ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಇದರ ಮೇಲೆ ಒತ್ತಕ್ಷರ. ನೋಡೋಕೆ ಒಂದೇ ತರ ಇರೋ ಅಕ್ಷರಗಳು ಬೇರೆ. ‘ಮ’ ಮತ್ತು ‘ವು’ ಪಕ್ಕಪಕ್ಕ ಬರೆದು ನೋಡಿ, ನಿಮಗೇ ಕಣ್ಣು ಕಟ್ಟುತ್ತದೆ. ‘ಪ’ ಮತ್ತು ‘ಷ’ ಒಂದು ಗೆರೆಯ ಅಂತರ. ‘ಬ’ ಮತ್ತು ‘ಭ’ ಕೆಳಗಿನ ಒಂದು ಸಣ್ಣ ಸೀಳು. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷಿನಂಥ ಭಾಷೆಗಿಂತ ಕನ್ನಡದ ಅಕ್ಷರಗಳು ಹಿಡಿತಕ್ಕೆ ಬರೋಕೆ ಜಾಸ್ತಿ ಕಾಲ ಬೇಕು, ನಾಲ್ಕನೇ ಕ್ಲಾಸಿನವರೆಗೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಅನ್ನೋದು ಅದರಿಂದ ಗೊತ್ತಾಯಿತು. ಒಂದನೇ ಕ್ಲಾಸಿನ ದಸರಾ ರಜೆಗೇ ‘ಇನ್ನೂ ಓದೋಕೆ ಬರಲ್ಲ ಇವನಿಗೆ’ ಅಂತ ತಲೆ ಮೇಲೆ ಕೈ ಇಟ್ಟುಕೊಳ್ಳುವವರು ಇದನ್ನು ನೆನಪಿಡಿ.

ಕಷ್ಟ ಇದ್ದ ಹಾಗೇ ಒಂದು ದೊಡ್ಡ ಅನುಕೂಲವೂ ಇದೆ. ‘ಟೊಮೆಟೊ’ ಅನ್ನಿ, ಒಂದೊಂದು ಸದ್ದಿಗೂ ಒಂದು ಚಪ್ಪಾಳೆ ತಟ್ಟಿ. ಟೊ, ಮೆ, ಟೊ. ಮೂರು ಚಪ್ಪಾಳೆ. ಬರೆದರೆ? ಮೂರೇ ಅಕ್ಷರ. ಕೋಲಾರ, ಮೂರು. ಮಾವು, ಎರಡು. ಶ್ರೀನಿವಾಸಪುರ ಅನ್ನಿ ನೋಡೋಣ. ಆರು. (ಇಲ್ಲಿ ಎಲ್ಲರೂ ಸೇರಿ ಚಪ್ಪಾಳೆ ತಟ್ಟಿದರು. ಹಿಂದೆ ಕೂತಿದ್ದ ಮಕ್ಕಳು ಎಲ್ಲರಿಗಿಂತ ಜೋರು.) ಬಾಯಿ ತುಂಡು ಮಾಡೋ ಕಡೆಯೇ ಕನ್ನಡದ ಬರಹವೂ ತುಂಡಾಗುತ್ತದೆ. ಇಂಗ್ಲಿಷಿನಲ್ಲಿ ಇದು ಇಲ್ಲ. ತೆಲುಗಿನಲ್ಲಿ ಇದೆ, ಅದಕ್ಕೆ ಈ ಆಟ ತೆಲುಗಿನಲ್ಲೂ ಆಡಬಹುದು. ಚೆಟ್ಟು, ಎರಡು ಚಪ್ಪಾಳೆ. ಪುಸ್ತಕ ಬೇಡ, ಸ್ಲೇಟು ಬೇಡ. ಹಸು ಮೇಯಿಸಿಕೊಂಡು ಬರುವಾಗ, ಟೊಮೆಟೊ ಬಿಡಿಸುವಾಗ, ಬಸ್ಸು ಕಾಯುವಾಗ ಆಡಿ. ‘ಮ’ಯಿಂದ ಶುರುವಾಗೋ ಹೆಸರು ಹೇಳು, ‘ರ’ದಲ್ಲಿ ಮುಗಿಯೋ ಊರು ಹೇಳು. ಮಾತು ಸಣ್ಣಸಣ್ಣ ಸದ್ದುಗಳಿಂದ ಆಗಿದೆ ಅನ್ನೋದು ಕಿವಿಗೆ ಗೊತ್ತಾದ ಮಗುವಿಗೆ ಅಕ್ಷರ ಬೇಗ ಅಂಟುತ್ತದೆ.

ಇನ್ನೊಂದು ದೂರು ನನಗೆ ವರ್ಷಾವರ್ಷ ಬರುತ್ತಿತ್ತು. ‘ನಿಮ್ಮ ಶಾಲೇಲಿ ಅ ಆ ಇ ಈ ಹೇಳಿಕೊಡಲ್ಲ. ಮೊದಲನೇ ದಿನಾನೇ ರ, ಗ, ಸ ಅಂತೀರ.’ ನಲಿ-ಕಲಿ ಅಂತ ಸರ್ಕಾರಿ ಶಾಲೆಯಲ್ಲಿ ಚಟುವಟಿಕೆ ಮಾಡಿಸುತ್ತಾ ಕಲಿಸೋ ಪದ್ಧತಿ ಇದೆಯಲ್ಲ, ಅದರಲ್ಲಿ ಹಾಗೇ. ಅದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಅದಕ್ಕೆ ದಾರಿ ತೋರಿಸಿದ್ದು ನಮ್ಮ ಗಡಿಯಾಚೆ, ಮದನಪಲ್ಲಿ ಹತ್ತಿರ ಇರೋ ರಿಷಿವ್ಯಾಲಿಯ ಹಳ್ಳಿ ಶಾಲೆಗಳು. 2009-10ರಲ್ಲಿ ರಾಜ್ಯದ ಎಲ್ಲ ಕಡೆಗೂ ಬಂತು. ರ, ಗ, ಸ, ದ, ಅ. ಈ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದುತ್ತದೆ. ಒಂದು ವಾರದಲ್ಲಿ ‘ನಾನು ಓದಿದೆ’ ಅನ್ನೋ ಖುಷಿ ಸಿಗುತ್ತದೆ. ಅ ಆ ಇ ಈ ಉ ಐದು ಕಲಿತರೆ ಏನು ಓದಬಹುದು? ಬಾಯಿಪಾಠ ಮಾಡಬಹುದು, ಅಷ್ಟೇ. ನೀವು ಮನೆಯಲ್ಲಿ ವರ್ಣಮಾಲೆ ಹಾಡಿನ ತರ ಹೇಳಿಸಿ, ಬೇಡ ಅನ್ನಲ್ಲ. ಆದರೆ ಶಾಲೆಯ ಕ್ರಮ ತಪ್ಪು ಅಂತ ಮಗುವಿನ ಮುಂದೆ ಹೇಳಬೇಡಿ.

ಬಾಯಿಪಾಠ ಅಂದೆ. ಒಂದು ಮಗು ಇಡೀ ಪುಟ ಗಡಗಡ ಓದಿ ಒಪ್ಪಿಸುತ್ತದೆ, ನೀವು ಹಿಗ್ಗುತ್ತೀರಿ. ಒಮ್ಮೆ ಅದರ ಕಣ್ಣು ನೋಡಿ. ಪುಸ್ತಕದ ಮೇಲಿದೆಯೋ, ಸೂರಿನ ಮೇಲಿದೆಯೋ? ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಅಂತ ಕೇಳಿ. ಮೊದಲಿಂದ ಶುರು ಮಾಡಿದರೆ ಅದು ಓದುತ್ತಿಲ್ಲ, ನೆನಪಿನಿಂದ ಹೇಳುತ್ತಿದೆ. ಬೈಯಬೇಡಿ. ನೆನಪಿಟ್ಟುಕೊಂಡಿದೆಯಲ್ಲ, ಅದೂ ಒಂದು ಮೆಟ್ಟಿಲು. ಅದೇ ಕಥೆಯನ್ನು ಬೆರಳಿಟ್ಟು ನಿಧಾನವಾಗಿ ಓದಿಸಿ. ಗೊತ್ತಿರೋ ಮಾತು, ಕಾಣಿಸೋ ಅಕ್ಷರ, ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಈಗ ಒತ್ತಕ್ಷರ. ಇದರ ಬಗ್ಗೆ ನನಗೆ ತುಂಬಾ ಹೇಳೋದಿದೆ. ಒಂದು ಪುಟ್ಟ ಮಗುವಿಗೆ ಎಲ್ಲಕ್ಕಿಂತ ಹತ್ತಿರದ ಪದ ಯಾವುದು? ಅಮ್ಮ. ಅಪ್ಪ. ಅಕ್ಕ, ಅಣ್ಣ, ತಮ್ಮ, ಅಜ್ಜಿ. ತಿನ್ನೋದು ಏನು? ಅನ್ನ, ಬೆಲ್ಲ, ಮುದ್ದೆ, ಬೆಣ್ಣೆ. ಗಮನಿಸಿದಿರಾ? ಒಂದೊಂದರಲ್ಲೂ ಒತ್ತು! ಶಾಲೆಯಲ್ಲಿ ಒತ್ತಕ್ಷರ ಬರೋದು ಕಡೆಗೆ. ಅಂದರೆ ತನ್ನ ತಾಯಿಯನ್ನು ಕರೆಯೋ ಪದವನ್ನು ಓದೋಕೆ ಮಗು ತಿಂಗಳುಗಟ್ಟಲೆ ಕಾಯಬೇಕು. ಶಾಲೆ ಕ್ರಮವಾಗಿ ಹೋಗಬೇಕು, ಅದು ಸರಿ. ಮನೆ ಕಾಯಬೇಕಾಗಿಲ್ಲ. ಗೋಡೆಯಲ್ಲಿ ಫೋಟೊ ಇದೆ ಅಲ್ವಾ, ಅದರ ಕೆಳಗೆ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ‘ಅಮ್ಮ’ ಅಂತ ಬರೆದು ಅಂಟಿಸಿ. ನಿಮಗೆ ಬರೆಯೋಕೆ ಬರದಿದ್ದರೆ ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಬರೆದುಕೊಡುತ್ತಾಳೆ. ಡಬ್ಬಿ ಮೇಲೆ ‘ಬೆಲ್ಲ’, ‘ಉಪ್ಪು’. ಬಾಗಿಲ ಹತ್ತಿರ ಮಗುವಿನ ಹೆಸರು. ಒತ್ತು ಅಂದರೆ ಏನು ಅಂತ ವಿವರಿಸೋದೇ ಬೇಡ. ಜನರ ಮುಖ ಗುರುತು ಹಿಡಿಯೋ ಹಾಗೆ ಆ ಪದದ ಮುಖ ಗುರುತಾಗುತ್ತದೆ. ಮುಂದೆ ಶಾಲೆಯಲ್ಲಿ ‘ಮ’ ಕೆಳಗೆ ಇನ್ನೊಂದು ‘ಮ’ ಬಂದಾಗ ‘ಓ, ಇದು ಅಮ್ಮದಲ್ಲಿ ಇರೋದು’ ಅಂತ ಮಗುವೇ ಹೇಳುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಅಕ್ಷರ ತಿದ್ದಿಸೋಕೆ ಮೊರದಲ್ಲಿ ರಾಗಿ ಹರಡಿ ಬೆರಳಿಂದ ಬರೆಸಿ. ಬೆರಳು ಸಲೀಸಾಗಿ ಓಡುತ್ತದೆ, ತಪ್ಪಿದರೆ ಮೊರ ಒಂದು ಸಲ ಅಲ್ಲಾಡಿಸಿದರೆ ಆಯಿತು. ಅಳಿಸಿದ ಗುರುತೂ ಉಳಿಯಲ್ಲ. ಆಮೇಲೆ ರಾಗಿ ಕೇರಿ ಡಬ್ಬಿಗೆ ಹಾಕಿ.

ಸಂಜೆಯ ಹತ್ತು ನಿಮಿಷದ ವಿಷಯ ಹೇಳುವ ಮೊದಲು ನನ್ನ ಮನೆಯದೇ ಒಂದು ಮಾತು. ಶಾಲೆಯಲ್ಲಿ ಊರ ಮಕ್ಕಳ ಜೊತೆ ತಾಳ್ಮೆಯಿಂದ ಇರುತ್ತಿದ್ದ ನಾನು ನನ್ನ ಮಗನ ಜೊತೆ ಹಾಗಿರಲಿಲ್ಲ. ಟೀಚರ್ ಮಗನಿಗೇ ಓದು ಬರಲ್ಲ ಅಂದರೆ ಜನ ಏನಂತಾರೆ ಅನ್ನೋ ಚಿಂತೆ ನನಗೆ. ದಿನಾ ಏಳು ಗಂಟೆಗೆ ಪುಸ್ತಕ ಹಿಡಿಸುತ್ತಿದ್ದೆ. ಒಂದು ಪದ ತಪ್ಪಿದರೆ ಮತ್ತೆ ಮೊದಲಿಂದ. ದನಿ ಏರುತ್ತಿತ್ತು. ಕೈಯೂ ಏರಿದ್ದುಂಟು. ಕೆಲವು ವಾರ ಕಳೆದ ಮೇಲೆ ಅವನಿಗೆ ದಿನಾ ಸಂಜೆ ಹೊಟ್ಟೆನೋವು. ಡಾಕ್ಟರ ಹತ್ತಿರ ಹೋದೆವು, ಏನೂ ಇಲ್ಲ ಅಂದರು. ಭಾನುವಾರ ಹೊಟ್ಟೆನೋವು ಬರುತ್ತಿರಲಿಲ್ಲ. ಭಾನುವಾರ ನಾನು ಪುಸ್ತಕ ಹಿಡಿಸುತ್ತಿರಲಿಲ್ಲ. ಅದು ನನಗೆ ಹೊಳೆದ ದಿನ ಅಡುಗೆ ಮನೆಯಲ್ಲಿ ಕೂತು ಅತ್ತೆ.

ಅವತ್ತಿನಿಂದ ಪರೀಕ್ಷೆ ತೆಗೆಯೋದು ಬಿಟ್ಟೆ. ಊಟ ಆದ ಮೇಲೆ ಚಾಪೆ ಮೇಲೆ ಪಕ್ಕದಲ್ಲಿ ಮಲಗಿಕೊಂಡು ನಾನೇ ಕಥೆ ಓದೋಕೆ ಶುರು ಮಾಡಿದೆ. ಓದುವ ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದೆ. ಮತ್ತೆ ಮತ್ತೆ ಬರೋ ಮಾತು ಬಂದಾಗ ನಿಲ್ಲಿಸುತ್ತಿದ್ದೆ, ಅವನು ಹೇಳುತ್ತಿದ್ದ. ಸುಮಾರು ದಿನ ಆದ ಮೇಲೆ ಒಂದು ರಾತ್ರಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ‘ನಾನು ಓದ್ತೀನಿ, ನೀನು ಕೇಳು’ ಅಂದ.

ನೀವೂ ಹೀಗೇ ಮಾಡಿ. ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂರಿ. ಓದು ಬರುವವರು ಓದಿ ಹೇಳಿ, ಬರದವರು ಮಗುವಿನಿಂದ ಕೇಳಿಸಿಕೊಳ್ಳಿ. ತಡವರಿಸಿದರೆ ತಕ್ಷಣ ಬಾಯಿ ಹಾಕಬೇಡಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಆಗಲೂ ಬರದಿದ್ದರೆ ಪದ ಹೇಳಿಬಿಡಿ, ಕಥೆ ಮುಂದೆ ಹೋಗಲಿ. ‘ತಪ್ಪು’ ಅನ್ನೋ ಬದಲು ‘ಇನ್ನೊಂದು ಸಲ ನೋಡು ಕಂದ’ ಅನ್ನಿ. ಅದೇ ಪುಸ್ತಕವನ್ನು ಹತ್ತನೇ ಸಲ ತಂದರೂ ಬೇಡ ಅನ್ನಬೇಡಿ. ಹತ್ತೇ ನಿಮಿಷ ಸಾಕು. ಮಗು ಆಕಳಿಸಿದರೆ ಐದೇ ಸಾಕು.

ಪುಸ್ತಕವೇ ಆಗಬೇಕು ಅಂತಲೂ ಇಲ್ಲ. ನನಗೆ ಗೊತ್ತಿರೋ ಒಂದು ಮನೆಯಲ್ಲಿ ಅಜ್ಜಿಗೆ ಅಕ್ಷರ ಬರಲ್ಲ. ಡೈರಿಯಿಂದ ಬಂದ ಕೂಡಲೇ ಹಾಲಿನ ಪುಸ್ತಕವನ್ನು ಮೊಮ್ಮಗನ ಕೈಗೆ ಕೊಡುತ್ತಿದ್ದರು. ‘ಏಮಿ ರಾಸಿನಾರು ಚೂಡು’, ಏನು ಬರೆದಿದ್ದಾರೆ ನೋಡು. ಅವನು ಬೆಳಿಗ್ಗೆ, ಸಂಜೆ, ಲೀಟರು, ಫ್ಯಾಟು ಅಂತ ಒಂದೊಂದೇ ಓದಬೇಕು. ಅಜ್ಜಿಗೆ ಅದು ನಿಜವಾಗಲೂ ಬೇಕಾದ ಲೆಕ್ಕ. ಮೊಮ್ಮಗನಿಗೂ ಅದು ಗೊತ್ತು. ಒಂದು ದಿನ ಸಂಜೆಯ ಹಾಲು ಬರೆದೇ ಇಲ್ಲ ಅಂತ ಅವನೇ ಕಂಡುಹಿಡಿದ. ಆ ಹುಡುಗನಿಗೆ ಓದು ಅಂದರೆ ಏನಕ್ಕೆ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ನಿಮ್ಮ ಮನೆಯಲ್ಲೂ ರೇಷನ್ ಕಾರ್ಡು ಇದೆ, ಮದುವೆ ಕಾಗದ ಬರುತ್ತದೆ, ಮಂಡಿಯ ಕ್ರೇಟಿನ ಮೇಲೆ ಹೆಸರಿದೆ, ಬಸ್ಸಿನ ಬೋರ್ಡು ಇದೆ. ಚಿಂತಾಮಣಿ ಬಸ್ಸು ಯಾವುದು ಅಂತ ಮಗುವನ್ನೇ ಕೇಳಿ.

ಫೋನಿನಲ್ಲಿ ಅಕ್ಷರದ ಹಾಡು ಬರುತ್ತೆ, ಸಾಲದಾ ಅಂತ ಕೇಳುತ್ತೀರಿ. ಹಾಡು ಕೇಳಲಿ. ಆದರೆ ಮಗು ತಡವರಿಸಿದಾಗ ಫೋನು ನಿಲ್ಲಲ್ಲ. ಫೋನನ್ನೇ ಬಳಸಬೇಕು ಅಂದರೆ ಮಕ್ಕಳ ಪುಸ್ತಕ ಮಾಡೋ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ ಇದೆ. 2015ರಿಂದ ನಡೆಯುತ್ತಿದೆ. ಕನ್ನಡದ ಚಿತ್ರಕಥೆಗಳು ದುಡ್ಡಿಲ್ಲದೆ ಸಿಗುತ್ತವೆ, ತೆಲುಗಿನವೂ ಇವೆ. ಹಂತ ಒಂದರಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೇ. ಜೊತೆಗೆ ಕೂತು ಓದಿ.

ಇಂಗ್ಲಿಷ್ ಮೀಡಿಯಂಗೆ ಕಳಿಸುವವರಿಗೂ ಒಂದು ಮಾತು. ಯಾವ ಶಾಲೆಗೆ ಕಳಿಸಬೇಕು ಅನ್ನೋದು ನಿಮ್ಮ ಇಷ್ಟ. ಆದರೆ ಅರ್ಥವಾಗೋ ಭಾಷೆಯಲ್ಲಿ ಮೊದಲು ಓದು ಹಿಡಿದ ಮಗುವಿಗೆ ಇನ್ನೊಂದು ಭಾಷೆಯ ಓದು ಬೇಗ ಬರುತ್ತದೆ. ಮನೆಯಲ್ಲಿ ಕನ್ನಡ ಕಥೆ ಓದಿದರೆ ಇಂಗ್ಲಿಷ್ ಕೆಡುತ್ತದೆ ಅನ್ನೋದು ಸುಳ್ಳು.

ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದರೆ, ಕರೆದಾಗ ತಿರುಗಿ ನೋಡದಿದ್ದರೆ, ಕಣ್ಣು ಕಿವಿ ತೋರಿಸಿ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಆರೋಗ್ಯ ತಪಾಸಣೆಗೆ ಬರೋ ಡಾಕ್ಟರ ಹತ್ತಿರ ಹೇಳಿ. ಮೂರನೇ ಕ್ಲಾಸು ದಾಟಿದರೂ, ಬೇರೆಲ್ಲದರಲ್ಲಿ ಚುರುಕಾಗಿದ್ದೂ, ಅಕ್ಷರ ಮಾತ್ರ ನಿಲ್ಲುತ್ತಿಲ್ಲ ಅಂದರೆ ಅದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹಕ್ಕೆ ಮಾತ್ರ ತೊಡಕಾಗೋ ಸ್ಥಿತಿ, ಇರಬಹುದು. ಸೋಮಾರಿತನ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ, ಆ ಮಕ್ಕಳಿಗೆ ನೆರವು ಸಿಗುತ್ತದೆ. ದಯವಿಟ್ಟು ಹೊಡೆಯಬೇಡಿ.

ಕಡೆಯದಾಗಿ, ನಾವು ಕೂತಿರೋ ಈ ಜಾಗ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಆವಾಗಿನಿಂದ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಇದಕ್ಕೆ ಅರಿವು ಕೇಂದ್ರ ಅಂತಲೂ ಹೆಸರು. ಆ ಮೂಲೆಯ ಬೀರುವಿನಲ್ಲಿ ಚಿತ್ರದ ಪುಸ್ತಕಗಳಿವೆ. ಹರಿದರೆ ಅಂಟಿಸಿಕೊಳ್ಳುತ್ತಾರೆ, ಹೆದರಬೇಡಿ. ಇವತ್ತು ಬರಿಗೈಯಲ್ಲಿ ಹೋಗಬೇಡಿ.

ಪ್ರಶ್ನೆ ಇದ್ದರೆ ಕೇಳಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ ಕೇಳಿದರು. ‘ನಂಗೆ ಕಣ್ಣೂ ಮಂಜು, ಅಕ್ಷರಾನೂ ಬರಲ್ಲಮ್ಮ. ಇವಳು ಓದಿದ್ದು ಸರಿನೋ ತಪ್ಪೋ ನಂಗೆ ಹೆಂಗೆ ಗೊತ್ತಾಗ್ಬೇಕು?’

ನಾನು ಹೇಳಿದೆ: ‘ಅಜ್ಜಿ, ಓದಿ ಮುಗಿಸಿದ ಮೇಲೆ ಆ ಕಥೆ ನಿಮಗೆ ತೆಲುಗಿನಲ್ಲಿ ಹೇಳು ಅನ್ನಿ. ಕಥೆ ನಿಮಗೆ ಅರ್ಥವಾಯಿತು ಅಂದರೆ ಅವಳು ಸರಿಯಾಗಿ ಓದಿದ್ದಾಳೆ. ಅರ್ಥ ಆಗಲಿಲ್ಲ ಅಂದರೆ, ಅದೇನೋ ನಂಗೆ ತಿಳೀಲಿಲ್ಲ, ಇನ್ನೊಂದು ಸಲ ನೋಡಿ ಹೇಳೇ ಅನ್ನಿ. ಅವಳೇ ತಿದ್ದಿಕೊಳ್ಳುತ್ತಾಳೆ.’

ಅಜ್ಜಿ ತಲೆ ಆಡಿಸಿದರು. ಮೊಮ್ಮಗಳು ಬೀರುವಿನಿಂದ ಆನೆಯ ಚಿತ್ರ ಇರೋ ಒಂದು ಪುಸ್ತಕ ಆರಿಸಿಕೊಂಡಳು. ಲೈಬ್ರರಿ ಮೇಡಂ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಅವಳು ನಾಲಿಗೆ ಕಚ್ಚಿಕೊಂಡು ಹೆಸರು ಬರೆದಳು. ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಮೇಡಂ ಏನೂ ಅನ್ನಲಿಲ್ಲ, ಸುಮ್ನೆ ಕಾದರು. ಅವಳು ಒಂದು ಸಲ ನೋಡಿದಳು, ಹೆಸರನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡಳು, ಮತ್ತೆ ಬಗ್ಗಿ ಒತ್ತು ಹಾಕಿದಳು.